ಅಳದ ಕೂಸು

“ಅಜ್ಜಾರ, ನಮ್ಮವ್ವ ಬಂದಾಳ್ರಿ. ಮೂರು ವರ್ಷದ ಮ್ಯಾಲೆ ನನ್ನ ನೋಡಿದ್ರೂ ಅಳಲಿಲ್ಲ, ಮಾರಿ ಎತ್ತಲಿಲ್ಲ. ದಾಸೋಹದ ಅಕ್ಕಿಯೊಳಗ ಹಳ್ಳು ಆರಿಸಿಕೋತ ಕುಂತಾಳ. ಅಕಿಗೂ ಮೋಹ ಬಿಟ್ಟಂಗಲ್ಲೇನ್ರಿ?” ಎಂದು, ಮನೆ ಬಿಟ್ಟು ಮಠ ಸೇರಿದ್ದ ಮುರಿಗೆಪ್ಪ ತನ್ನ ಗುರುಗಳಾದ ಮಠದ ಅಜ್ಜನವರನ್ನು ಕೇಳಿದ. ಕೇಳುವಾಗ ಅವನ ಮುಖದಲ್ಲಿ ಸಮಾಧಾನವಿತ್ತು.

ಅಜ್ಜನವರು ಒಂದು ಕತೆ ಹೇಳಿದರು.

ನೇಕಾರರ ಊರಿಗೆ ಒಬ್ಬ ಹೆಣ್ಣುಮಗಳು ಬಂದಳು. ಮಕ್ಕಳ ಮನಸ್ಸು ತಿಳಿಯುವುದೇ ಅವಳ ವಿದ್ಯೆ. ಅಲ್ಲಿಯವರೆಗೆ ಅದನ್ನೊಂದು ವಿದ್ಯೆ ಎಂದು ಯಾರೂ ಎಣಿಸಿರಲಿಲ್ಲ. ತಾಯಂದಿರು ನೂಲು ಸುತ್ತಲು ಹೋಗುವಾಗ ಕೂಸುಗಳನ್ನು ಬಿಡುವ ಕೋಣೆಯೊಂದಿತ್ತು. ಅವಳು ಅಲ್ಲಿ ನೆಲದ ಮೇಲೆ ಕೂತು, ಯಾವ ಕೂಸು ಯಾವಾಗ ಅತ್ತಿತು, ಯಾರನ್ನು ಕಂಡು ನಕ್ಕಿತು ಎಂದು ಬರೆದುಕೊಳ್ಳುತ್ತಿದ್ದಳು.

“ಅಳೋದು ಬರಕೊಳ್ಳೋದೂ ಒಂದು ಕೆಲಸೇನವ್ವಾ? ನಮ್ಮನಿಗೆ ಬಾ, ನಮ್ಮತ್ತಿ ದಿನಾ ಅಳ್ತಾಳ,” ಎಂದು ಹೆಂಗಸರು ನಗುತ್ತಿದ್ದರು. ಅವಳೂ ನಗುತ್ತಿದ್ದಳು, ಬರೆಯುತ್ತಿದ್ದಳು.

ಆ ಊರಿನ ತಾಯಂದಿರಿಗೆ ಒಂದು ರೂಢಿ. ಕೂಸಿನ ಕೈಗೆ ಬೆಲ್ಲದ ಚೂರು ಕೊಟ್ಟು, ಅದು ಚೀಪುತ್ತಿರುವಾಗ ಕಣ್ಣು ತಪ್ಪಿಸಿ ಹಿತ್ತಲ ಬಾಗಿಲಿನಿಂದ ಹೋಗಿಬಿಡುವುದು. ಬೆಲ್ಲ ಕರಗುವ ಹೊತ್ತಿಗೆ ತಾಯಿ ಇಲ್ಲ. ಕೂಸುಗಳೆಲ್ಲ ಸೂರು ಹಾರಿಹೋಗುವಂತೆ ಅಳುತ್ತಿದ್ದವು. ಒಂದು ಮಾತ್ರ ಅಳುತ್ತಿರಲಿಲ್ಲ. ಬಾಗಿಲಿಗೆ ಬೆನ್ನು ಹಾಕಿ, ನೂಲು ಸುತ್ತುವ ಖಾಲಿ ಕಂಡಿಕೆಗಳನ್ನು ಸಾಲಾಗಿ ಜೋಡಿಸುತ್ತಿತ್ತು. ಸಂಜೆ ತಾಯಿ ಬಂದು ಕರೆದರೂ ತಲೆ ಎತ್ತುತ್ತಿರಲಿಲ್ಲ. ‘ಗಟ್ಟಿ ಕೂಸು. ಇದಕ್ಕೆ ಯಾರ ಹಂಬಲವೂ ಇಲ್ಲ’ ಎಂದು ಆ ಹೆಣ್ಣುಮಗಳು ಬರೆದುಕೊಂಡಳು.

ಒಂದು ದಿನ, ತಾಯಿ ಹೋದ ಮೇಲೆ, ಆ ಕೂಸನ್ನು ಎತ್ತಿ ಎದೆಗೆ ಹಚ್ಚಿಕೊಂಡಳು. ಮುಖ ತಣ್ಣಗಿತ್ತು. ಒಳಗಿನ ಜೀವ ಮಾತ್ರ ಕೈಗೆ ಸಿಕ್ಕ ಗುಬ್ಬಿಯ ಹಾಗೆ ಡವಡವ ಹೊಡೆದುಕೊಳ್ಳುತ್ತಿತ್ತು. ಅಳುವ ಯಾವ ಕೂಸಿನ ಎದೆಯೂ ಹಾಗೆ ಹೊಡೆದುಕೊಂಡದ್ದನ್ನು ಅವಳು ಕಂಡಿರಲಿಲ್ಲ. ಎಲ್ಲರಿಗಿಂತ ಹೆಚ್ಚು ಹಂಬಲಿಸುತ್ತಿದ್ದುದು ಇದೇ. ಕರೆದರೆ ಬರುವವರಿಲ್ಲ ಎಂದು ಕಲಿತು, ಕರೆಯುವುದನ್ನು ಬಿಟ್ಟಿತ್ತು, ಅಷ್ಟೆ. ಅವಳು ಬರೆದದ್ದನ್ನು ಹೊಡೆದುಹಾಕಿದಳು.

ಮರುದಿನ ಹಿತ್ತಲ ಬಾಗಿಲಿಗೆ ಅಗಳಿ ಹಾಕಿ ನಿಂತು, ಆ ಕೂಸಿನ ತಾಯಿಗೆ ಹೇಳಿದಳು: “ಮುಂಬಾಗಿಲಿಂದ ಹೋಗವ್ವಾ. ಹೋಗಿ ಬರ್ತೀನಿ ಅಂತ ಹೇಳಿ ಹೋಗು.”

“ಈಗ ಸುಮ್ಮನ ಅದ. ಹೇಳಿದ್ರ ಅಳ್ತದಲ್ಲವ್ವಾ!”

“ಅಳಲಿ.”

ತಾಯಿ ದಿನವೂ ಹೇಳಿ ಹೋದಳು, ಹೇಳಿದಂತೆ ಬಂದಳು. ಕೂಸು ತಿರುಗಿಯೂ ನೋಡಲಿಲ್ಲ. ತಿಂಗಳು ಕಳೆಯಿತು. ಒಂದು ಬೆಳಿಗ್ಗೆ ಅದು ಕಂಡಿಕೆಗಳ ಸಾಲನ್ನು ಕೆಡವಿ, ಓಡಿಬಂದು, ತಾಯಿಯ ಸೆರಗು ಹಿಡಿದು ಬಾಯಿ ತುಂಬ ಅತ್ತಿತು. ಆ ಹೆಣ್ಣುಮಗಳು ತನ್ನ ಪುಸ್ತಕದಲ್ಲಿ, ಹಬ್ಬದ ಹೆಸರು ಬರೆದ ಹಾಗೆ, ದೊಡ್ಡ ಅಕ್ಷರದಲ್ಲಿ ಬರೆದಳು: ‘ಇವತ್ತು ಅತ್ತಿತು.’

ಕತೆ ಮುಗಿಯಿತು. ದಾಸೋಹದ ಮನೆಯಿಂದ ಅವನ ಅವ್ವ ಅಕ್ಕಿ ಕೇರುವ ಮೊರದ ಸಪ್ಪಳ ಬರುತ್ತಿತ್ತು. ಮುರಿಗೆಪ್ಪ ಆ ಕಡೆ ನೋಡಿದ.

ಅಜ್ಜನವರು ಕೇಳಿದರು: “ಮನಿ ಬಿಟ್ಟ ದಿನ ನಿಮ್ಮವ್ವಗ ಹೋಗಿ ಬರ್ತೀನಿ ಅಂತ ಹೇಳಿ ಬಂದಿದ್ದಿಯೇನೋ, ತಮ್ಮಾ?”