ಗುಡ್ಡದ ಮೇಲೆ ಮರೆತ ಬಳೆ

೨೦೧೭ರ ನವೆಂಬರ್ ೧೯, ಭಾನುವಾರ. ಮುಂಜಾನೆ ತೆಳುವಾದ ಮಂಜು. ಹೊತ್ತು ಏರಿದ ಮೇಲೆ ಮೋಡವಿಲ್ಲದ ಆಕಾಶ, ಚುರುಕು ಬಿಸಿಲು, ಮೂಡಣದಿಂದ ಬಿಡದೆ ಬೀಸುವ ಗಾಳಿ.

ಆ ದಿನ ಎಣ್ಣಿಗುಡ್ಡದ ಸುತ್ತ ಹೆಣ್ಣುಮಕ್ಕಳ ಸೈಕಲ್ ಪಂದ್ಯವಿತ್ತು. ಆ ಸೀಮೆಯಲ್ಲಿ ಅಂಥದ್ದು ಅದೇ ಮೊದಲು. ಊರಿನಿಂದ ಹೊರಟ ದಾರಿ ಗುಡ್ಡದ ಬೆನ್ನು ಹತ್ತಿ, ಆಚೆಯ ಕಣಿವೆಗೆ ಇಳಿದು, ಸುತ್ತಿ ಬಳಸಿ ಮತ್ತೆ ಊರಿಗೇ ಬರುತ್ತಿತ್ತು. ಆ ಕಣಿವೆಯಲ್ಲಿ ಮೊಬೈಲಿಗೆ ಸಿಗ್ನಲ್ ಸಿಗುವುದಿಲ್ಲ. ಬಿದ್ದವರು ಕೂಗಿದರೆ ಕಲ್ಲುಗಳೇ ಕೇಳಬೇಕು. ಹಾಗಾಗಿ ಪಂದ್ಯದ ಡಾಕ್ಟರು ಮೊದಲೇ ಹೇಳಿಬಿಟ್ಟಿದ್ದರು: ಬೆಳಗ್ಗೆ ಎಂಟು ಗಂಟೆಯೊಳಗೆ ಗುಡ್ಡದ ತುದಿಯಿಂದ ರೇಡಿಯೋದಲ್ಲಿ ಉತ್ತರ ಬರಬೇಕು, ಬರದಿದ್ದರೆ ಒಂದು ಗಾಲಿಯೂ ಉರುಳಕೂಡದು.

ಆ ಹೊಣೆಯನ್ನು ಹೊತ್ತವರು ಊರಿನ ಹವ್ಯಾಸಿ ರೇಡಿಯೋ ಸಂಘದವರು. ಪರೀಕ್ಷೆ ಕಟ್ಟಿ ಲೈಸೆನ್ಸ್ ಪಡೆದು, ಮನೆಯ ಮಾಳಿಗೆಯ ಮೇಲೆ ಆಂಟೆನಾ ನಿಲ್ಲಿಸಿ ದೂರದೇಶದವರ ಜೊತೆ ಮಾತಾಡುವ ಹುಚ್ಚು ಅವರದು. ಅವರಿಗೆಲ್ಲ ಗುರು ಸುನಂದಾ ಕಟ್ಟಿಮನಿ. ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತರಾದವರು. ಅಂದು ಅವರು ಊರಿನಲ್ಲಿ, ಪಂದ್ಯ ಹೊರಡುವ ಜಾಗದಲ್ಲಿ ರೇಡಿಯೋ ಮುಂದೆ ಕೂತಿದ್ದರು. ಗುಡ್ಡದ ತುದಿಯಲ್ಲಿ ಕೂರಲು ತಾನೇ ಕೇಳಿ ಹೊರಟವನು ಅವರ ಹೊಸ ಶಿಷ್ಯ ದಾವಲಸಾಬ್ ನದಾಫ. ಪೇಟೆಯಲ್ಲಿ ಕನ್ನಡಕದ ಅಂಗಡಿ ಇಟ್ಟವನು, ನಯವಾದ ಕೈಯವನು. ತನ್ನ ಕೈ ನಯವೆಂಬುದು ಅವನಿಗೂ ಚೆನ್ನಾಗಿ ಗೊತ್ತಿತ್ತು. ಕಂಬ ನೆಡಲು ಜೊತೆಗೆ ಬಂದಿದ್ದವನು ಸಂಘದ ಹಳೆಯ ಸದಸ್ಯ ಗುರುಬಸು.

ಕಂಬ ಎದ್ದಿತು. ಅದರ ತುದಿಯಲ್ಲಿ ಆಂಟೆನಾ ನಿಂತಿತು. ಅಲ್ಲಿಂದ ಇಳಿದ ಕೇಬಲ್ ಪಕ್ಕದ ಹಾಳು ಮಂಟಪದ ಹೊಸ್ತಿಲು ದಾಟಿ ನೆರಳಿಗೆ ಬಂತು. ಇನ್ನು ರೇಡಿಯೋಕ್ಕೆ ಸಿಕ್ಕಿಸುವುದಷ್ಟೇ ಬಾಕಿ. ಆಗ ನೋಡಿದರೆ, ಕೇಬಲ್ಲಿನ ಕೊನೆಯ ಕನೆಕ್ಟರ್ ಜೀಪಿನ ಬಾಗಿಲಿಗೆ ಸಿಕ್ಕಿ ಚಪ್ಪಟೆಯಾಗಿತ್ತು.

"ಹೋತು ನೋಡು," ಎಂದ ಗುರುಬಸು.

"ಹೋಗ್ಲಿ ಬಿಡಣ್ಣ. ಚೀಲದಾಗ ಹೊಸಾವು ಅದಾವು. ಚಾ ಕಾಸೋ ಒಲಿ ಹಚ್ಚು, ಬೆಸುಗೆ ಕಡ್ಡಿ ಕಾಯಲಿ."

ದಾವಲಸಾಬ್ ಜಜ್ಜಿದ ತುದಿಯನ್ನು ಕತ್ತರಿಸಿ ಎಸೆದ. ಕೇಬಲ್ಲಿನ ಕಪ್ಪು ಸಿಪ್ಪೆ ಸುಲಿದ. ಒಳಗಿನ ತಾಮ್ರದ ಜಾಲರಿಯ ಒಂದು ಎಳೆಗೂ ಕತ್ತಿ ತಾಗಲಿಲ್ಲ. ಬಿಳಿಯ ತಿರುಳನ್ನು ಬಿಡಿಸಿ ನಡುವಿನ ತಂತಿಯನ್ನು ಹೊರಗೆ ತೆಗೆದ. ಕನೆಕ್ಟರನ್ನು ತಿರುಗಿಸಿ ಕೂರಿಸಿ, ಗಾಳಿಗೆ ಬೆನ್ನು ಕೊಟ್ಟು ಬೆಸುಗೆ ಹಾಕಿದ. ಬೆಸುಗೆ ಬೆಳ್ಳಿಯ ಹನಿಯಂತೆ ಹರಿದು ಕೂತಿತು. ಅಷ್ಟು ಚೆಂದದ ಜೋಡಣೆಯನ್ನು ಅವನು ಅದುವರೆಗೆ ಮಾಡಿರಲಿಲ್ಲ.

"ಏನ್ ಕೈಯಪಾ ನಿಂದು! ಇದನ್ನ ಕಿವಿಗೆ ಓಲೆ ಮಾಡಿ ಹಾಕ್ಕೋಬಹುದು," ಎಂದ ಗುರುಬಸು. ಮರುಕ್ಷಣ ಅವನ ಕಣ್ಣು ಕಲ್ಲುಹಾಸಿನ ಮೇಲೆ ಬಿತ್ತು. "ಅಲ್ಲೋ ದಾವಲಸಾಬ್... ಅದೇನದು?"

ಕಲ್ಲುಹಾಸಿನ ಮೇಲೆ ಬಳೆ ಕೂತಿತ್ತು.

ಕನೆಕ್ಟರನ್ನು ರೇಡಿಯೋಕ್ಕೆ ತಿರುಗಿಸಿ ಬಿಗಿಯುವ ಲೋಹದ ಉಂಗುರಕ್ಕೆ ಸಂಘದಲ್ಲಿ ಬಳೆ ಎನ್ನುತ್ತಾರೆ. ಅದನ್ನು ಎಲ್ಲಕ್ಕಿಂತ ಮೊದಲು ಕೇಬಲ್ಲಿಗೆ ತೊಡಿಸಬೇಕು. ಬೆಸುಗೆಯಾದ ಮೇಲೆ ಅದು ಈ ಕಡೆಯಿಂದ ತೂರುವುದಿಲ್ಲ. ಆ ಕಡೆಯಿಂದ ತೂರಿಸೋಣವೆಂದರೆ ಕೇಬಲ್ಲಿನ ಇನ್ನೊಂದು ತುದಿ ಕಂಬದ ನೆತ್ತಿಯಲ್ಲಿ ಭದ್ರವಾಗಿ ಕೂತಿದೆ. ಮೊದಲ ಪಾಠದ ದಿನವೇ ಸುನಂದಾ ಮೇಡಂ ಹೇಳಿದ್ದರು: "ಬೇರೆ ಎಲ್ಲಾ ಕೆಲಸದಾಗ ಕೂಸು ಹುಟ್ಟೋಕಿಂತ ಮೊದಲ ಕುಲಾವಿ ಹೊಲಿದ್ರ ನಗ್ತಾರ. ಈ ಕೆಲಸದಾಗ ಮಾತ್ರ ಮೊದಲ ಕುಲಾವಿ, ಆಮೇಲೆ ಕೂಸು." ಎಲ್ಲರೂ ನಕ್ಕಿದ್ದರು. ಎಲ್ಲರಿಗಿಂತ ಜೋರಾಗಿ ನಕ್ಕವನು ದಾವಲಸಾಬ್.

ಸಂಘದಲ್ಲಿ ಇನ್ನೊಂದು ಪದ್ಧತಿಯೂ ಇತ್ತು. ಬಳೆ ಮರೆತವರು ಅದನ್ನು ತಾವೇ ರೇಡಿಯೋದಲ್ಲಿ ಹೇಳಬೇಕು. ಕೇಳಿದವರಿಗೆಲ್ಲ ಒಂದು ಸಲ ನಗುವ ಹಕ್ಕು.

"ಯಾರಿಗೂ ಹೇಳಬ್ಯಾಡ," ಎಂದ ಗುರುಬಸು. "ತಾ ಇಲ್ಲಿ." ಬಳೆಯಿಲ್ಲದ ಕನೆಕ್ಟರನ್ನು ರೇಡಿಯೋಕ್ಕೆ ಒತ್ತಿ, ಸುತ್ತಲೂ ಟೇಪು ಸುತ್ತಿದ. ಸ್ವಿಚ್ಚು ಹಾಕಿದ ಕೂಡಲೇ ಊರಿನಿಂದ ಮೇಡಂ ಧ್ವನಿ ಸ್ಪಷ್ಟವಾಗಿ ಬಂತು. ಹಿಂದೆ ನೂರಾರು ಸೈಕಲ್ ಗಂಟೆಗಳ ಕಿಣಿಕಿಣಿ.

"ಎಣ್ಣಿಗುಡ್ಡ, ಎಣ್ಣಿಗುಡ್ಡ, ಕೇಳಸ್ತದೇನು? ಡಾಕ್ಟರು ಗಡಿಯಾರ ನೋಡಾಕತ್ತಾರ. ಓವರ್."

"ಕೇಳ್ತದಲ್ಲ, ಮತ್ತೇನು ಬೇಕು? ಹೂಂ ಅನ್ನು," ಎಂದ ಗುರುಬಸು. "ಎಂಟಾಗಾಕ ಬಂತು. ಈಗ ಕೊಯ್ದು ಮತ್ತ ಮಾಡಾಕ ಹೋದ್ರ, ಆ ಹುಡುಗ್ಯಾರು ಸೈಕಲ್ ನೂಕ್ಕೊಂಡು ಮನೀಗೆ ಹೋಗ್ತಾರ. ವರ್ಷಗಟ್ಟಲೆ ಬೆವರು ಸುರಿಸ್ಯಾರ, ಅದರ ಪಾಪ ನಿನಗ."

ಅದೂ ನಿಜವೇ. ದಾವಲಸಾಬ್ ಮೈಕಿನ ಗುಂಡಿಯ ಮೇಲೆ ಬೆರಳಿಟ್ಟ. ಗಾಳಿ ಕಂಬವನ್ನು ಅಲ್ಲಾಡಿಸುತ್ತಿತ್ತು. ಅವನಿಗೆ ತನ್ನ ಅಂಗಡಿ ನೆನಪಾಯಿತು. ತಿರುಪು ಸಡಿಲವಾದ ಕನ್ನಡಕವೂ ಅಂಗಡಿಯಲ್ಲಿ ಮೂಗಿನ ಮೇಲೆ ನೆಟ್ಟಗೇ ಕೂರುತ್ತದೆ. ಅದು ಬೀಳುವುದು ಆ ಮನುಷ್ಯ ಬಾವಿಯೊಳಗೆ ಬಗ್ಗಿ ನೋಡಿದಾಗ.

ಅವನು ಗುಂಡಿ ಒತ್ತಿದ.

"ಮೇಡಂ, ನಾನು ದಾವಲಸಾಬ್. ಈ ಉತ್ತರ ಲೆಕ್ಕಕ್ಕ ಹಿಡೀಬ್ಯಾಡ್ರಿ. ಕನೆಕ್ಟರ್ ಟೇಪಿನ ಮ್ಯಾಲೆ ನಿಂತದ. ನಾನು ಬಳಿ ಮರ್ತೀನಿ. ಕೊಯ್ದು ಮತ್ತ ಹಾಕ್ತೀನಿ. ಎಂಟರೊಳಗ ಬಂದ್ರ ಬಂದೆ. ಓವರ್."

ದಾರಿಯುದ್ದಕ್ಕೂ ಕೂತಿದ್ದ ಸಂಘದವರ ರೇಡಿಯೋ ಸೆಟ್ಟುಗಳಿಂದ ನಗು ಒಂದರ ಮೇಲೊಂದು ಬಿತ್ತು. "ಬಳಿ ಆಯ್ತು, ಕಾಲುಂಗುರ ಯಾವಾಗ?" ಎಂದಿತು ಒಂದು ಧ್ವನಿ. ದಾವಲಸಾಬನ ಕಿವಿ ಕೆಂಪಾಯಿತು. ಮೇಡಂ ಮಾತ್ರ ನಗಲಿಲ್ಲ. "ಡಾಕ್ಟರು ಎಂಟು ಅಂದ್ರ ಎಂಟೇ ಅಂತಾರ. ನಾ ಕಾಯ್ತೀನಿ," ಎಂದಷ್ಟೇ ಹೇಳಿದರು.

ಅವನು ತನ್ನ ಜೀವಮಾನದ ಅತಿ ಚೆಂದದ ಬೆಸುಗೆಯನ್ನು ಕತ್ತರಿಸಿದ. ಚೀಲದಿಂದ ಇನ್ನೊಂದು ಕನೆಕ್ಟರ್ ತೆಗೆದ. ಈ ಸಲ ಮೊದಲು ಬಳೆ. ಗುರುಬಸು ಗೊಣಗುತ್ತಲೇ ಜಮಖಾನ ಹರವಿ ಗಾಳಿಗೆ ಅಡ್ಡ ಹಿಡಿದ. ಬೆರಳುಗಳು ಅವಸರ ಮಾಡುತ್ತಿದ್ದವು. ದಾವಲಸಾಬ್ ಅವಕ್ಕೆ ಅವಸರ ಮಾಡಲು ಬಿಡಲಿಲ್ಲ. ಬೆಸುಗೆ ಸ್ವಲ್ಪ ಗಂಟುಗಂಟಾಯಿತು, ಆದರೆ ಎಲ್ಲ ಕಡೆ ಹಿಡಿಯಿತು. ಮೀಟರಿನಿಂದ ನೋಡಿದ, ನಡುವಿನ ತಂತಿಯೂ ಜಾಲರಿಯೂ ಒಂದಕ್ಕೊಂದು ತಾಗಿರಲಿಲ್ಲ. ಎರಡೂ ಕೈಯಿಂದ ಜಗ್ಗಿದ. ಅಲುಗಲಿಲ್ಲ.

ಆದರೆ ಎರಡು ಸಲ ಕೊಯ್ದ ಕೇಬಲ್ ಗಿಡ್ಡವಾಗಿತ್ತು. ಈಗ ಅದು ಮಂಟಪದ ಹೊಸ್ತಿಲು ದಾಟಲೊಲ್ಲದು. ಕಂಬ ಕಿತ್ತು ನೆಡಲು ಹೊತ್ತಿರಲಿಲ್ಲ. ದಾವಲಸಾಬ್ ರೇಡಿಯೋವನ್ನೂ ಬ್ಯಾಟರಿಯನ್ನೂ ಎತ್ತಿ ಹೊರಗಿನ ಬಯಲು ಬಂಡೆಯ ಮೇಲಿಟ್ಟ. ಬಳೆಯನ್ನು ಕೊನೆಯ ಸುತ್ತಿನವರೆಗೆ ಬಿಗಿದ.

"ಎಣ್ಣಿಗುಡ್ಡದಿಂದ ದಾವಲಸಾಬ್. ಈ ಉತ್ತರ ಲೆಕ್ಕಕ್ಕ ಹಿಡೀರಿ. ಓವರ್."

ಎಂಟು ಬಡಿಯಲು ಇನ್ನೂ ಒಂದು ಉಸಿರಿನಷ್ಟು ಹೊತ್ತಿತ್ತು. ರೇಡಿಯೋದೊಳಗಿಂದ ಸೀಟಿ ಕೇಳಿಸಿತು, ಆಮೇಲೆ ಊರಿಗೆ ಊರೇ ಹಾಕಿದ ಕೇಕೆ. ಸ್ವಲ್ಪ ಹೊತ್ತಿನಲ್ಲಿ ಕೆಳಗಿನ ದಾರಿಯ ಮೇಲೆ ಬಣ್ಣಬಣ್ಣದ ಅಂಗಿಗಳು ಚೆಲ್ಲಿದ ಮಣಿಗಳಂತೆ ಉರುಳುತ್ತ ಬಂದವು.

ಬಿಸಿಲು ಏರಿತು. ಬಿಸಿಲಿಗೆ ಕಾದರೆ ಸೆಟ್ಟು ಕೆಡುತ್ತದೆ. ಜಮಖಾನ ಕಟ್ಟಿದರೆ ಗಾಳಿ ಕಿತ್ತೊಯ್ಯುತ್ತಿತ್ತು. ದಾವಲಸಾಬ್ ಎದ್ದು, ಸೂರ್ಯನಿಗೆ ಮುಖ ಮಾಡಿ, ತನ್ನ ನೆರಳು ಸೆಟ್ಟಿನ ಮೇಲೆ ಬೀಳುವಂತೆ ನಿಂತ. ಸೂರ್ಯ ಸರಿದಂತೆ ತಾನೂ ಸರಿದ.

ಮಧ್ಯಾಹ್ನದ ಹೊತ್ತಿಗೆ ಕಣಿವೆಯಿಂದ ಸಂಘದವನೊಬ್ಬನ ಧ್ವನಿ ಬಂತು: "ಎಣ್ಣಿಗುಡ್ಡ! ತಿರುವಿನಾಗ ಒಬ್ಬ ಹುಡುಗಿ ಬಿದ್ದಾಳ. ತಲೀಗೆ ಪೆಟ್ಟು. ಜಾಗ ಬರ್ಕೋರಿ—" ಅಷ್ಟರಲ್ಲೇ ಗಾಳಿ ನುಗ್ಗಿತು. ಕಂಬದ ಒಂದು ಹಗ್ಗ ಪಟ್ಟೆಂದು ಹರಿಯಿತು. ಕಂಬ ಓಲಿತು, ಕೇಬಲ್ ಚಾಟಿಯಂತೆ ಸೆಟೆದು ಸೆಟ್ಟನ್ನು ಬಂಡೆಯ ಅಂಚಿಗೆ ಎಳೆಯಿತು. ಗುರುಬಸು ಕಂಬವನ್ನು ತಬ್ಬಿದ. ದಾವಲಸಾಬ್ ಸೆಟ್ಟನ್ನು ತಬ್ಬಿದ. ಅವನ ಎದೆಯ ಹತ್ತಿರದಿಂದಲೇ ಧ್ವನಿ ಮುಂದುವರಿಯಿತು, ಒಂದು ಅಕ್ಷರವೂ ತಪ್ಪಲಿಲ್ಲ: "—ಮುರಕಲ ಸೇತುವಿ ಆಚೆ, ಬೇವಿನ ಗಿಡದ ಬುಡಕ."

ಅದೇ ಮಾತು ಅವನ ಬಾಯಿಂದ ಊರಿಗೆ ಹೋಯಿತು. ಆಂಬುಲೆನ್ಸ್ ಹೊರಟಿತು. ಗುರುಬಸು ಕಂಬವನ್ನು ಬಿಗಿದು ಕಟ್ಟಿ ಬಂದು, ಕನೆಕ್ಟರನ್ನು ಹಿಡಿದು ಒಮ್ಮೆ ಜಗ್ಗಿ ನೋಡಿದ. ಬೆಳಗ್ಗೆ ಸುತ್ತಿದ್ದ ಟೇಪು ಮಂಟಪದ ಹೊಸ್ತಿಲಲ್ಲಿ ಸುರುಳಿಯಾಗಿ ಬಿದ್ದಿತ್ತು. ಅದನ್ನು ಎತ್ತಿ ಜೇಬಿಗೆ ಹಾಕಿಕೊಂಡ.

ಕೊನೆಯ ಸೈಕಲ್ ಊರು ಮುಟ್ಟಿದ ಮೇಲೆ ಮೇಡಂ ಸುದ್ದಿ ಹೇಳಿದರು. ಹುಡುಗಿಯ ಹಣೆಗೆ ಹೊಲಿಗೆ ಬಿದ್ದಿದೆ, ಎದ್ದು ಕೂತಿದ್ದಾಳೆ, ಗೆದ್ದವರಿಗಿಂತ ಜೋರಾಗಿ ಮಾತಾಡುತ್ತಿದ್ದಾಳೆ. ಪಂದ್ಯ ಮುಂದಿನ ವರ್ಷವೂ ಇದೆ. ಡಾಕ್ಟರೇ ಹಾಗೆಂದು ಸಾರಿದ್ದಾರೆ. ಎಲ್ಲ ಸೆಟ್ಟುಗಳಿಂದಲೂ ಚಪ್ಪಾಳೆ ಬಂತು.

"ದಾವಲಸಾಬ್," ಎಂದರು ಮೇಡಂ, "ಬಳಿ ಮರ್ತದ್ದಕ್ಕ ಕಡೀಗೆ ಏನು ದಂಡ ಬಿತ್ತಪಾ? ಓವರ್."

ದಾವಲಸಾಬ್ ಬಿಸಿಲಿಗೆ ಸುಟ್ಟ ಮುಖವನ್ನು ಮುಟ್ಟಿಕೊಂಡು ನೋಡಿದ.

"ಒಂದು ಗೇಣು ಕೇಬಲ್ಲು, ಮೇಡಂ. ಮತ್ತ ಮೂಗಿನ ಮ್ಯಾಲಿನ ತೊಗಲು. ಓವರ್."

ನೀತಿ: ತಪ್ಪನ್ನು ಟೇಪು ಸುತ್ತಿ ಮುಚ್ಚಿದರೆ ಅದು ಗಾಳಿ ಬರುವವರೆಗೆ ಮಾತ್ರ ನಿಲ್ಲುತ್ತದೆ. ಒಪ್ಪಿಕೊಂಡು, ಕತ್ತರಿಸಿ, ಮೊದಲಿನಿಂದ ಮಾಡಿದವನು ತೆರುವ ದಂಡ ಚಿಕ್ಕದು. ಅದನ್ನು ಅವನೊಬ್ಬನೇ ತೆತ್ತು ಮುಗಿಸಬಲ್ಲ.