ಉಪ್ಪಿನ ಕೋಟೆಯ ಕೊನೆಯ ಪುಸ್ತಕ

“ಕೇಳಿರಪ್ಪೋ ಕೇಳಿ! ‘ಉಪ್ಪಿನ ಕೋಟೆ’ಯ ಕೊನೆಯ ಪುಸ್ತಕ ಅರಮನೆಗೆ ಬಂದಿದೆ. ನಾಡಿಗೆಲ್ಲ ಅದೊಂದೇ ಪ್ರತಿ. ರಾಜಕುಮಾರಿ ಹೊಂಬಾಳೆಯವರ ಮೂರು ಒಗಟು ಬಿಡಿಸಿದವರು ಅವರೆದುರು ಕೂತು ಅದನ್ನು ಓದಬೇಕು. ಬೇಡಿದ್ದೊಂದನ್ನು ಪಡೆಯಬಹುದು. ತಪ್ಪಿದವರ ತಲೆ ಸಂಜೆಗೆ ಉರುಳುತ್ತದೆ!”

ತೊರೆಸಾಲು ಪಟ್ಟಣದಲ್ಲಿ ಹೀಗೆ ಡಂಗುರ ಸಾರಿದರು. ಒಂದು ಪುಸ್ತಕಕ್ಕಾಗಿ ಯಾರಾದರೂ ತಲೆ ಕೊಡುತ್ತಾರೆಯೇ ಎಂದು ನೀವು ಕೇಳಬಹುದು. ಆ ಊರಿನವರು ಕೊಡುತ್ತಿದ್ದರು. ಅದಕ್ಕೆ ಕಾರಣವನ್ನು ಮೊದಲೇ ಹೇಳಿಬಿಡಬೇಕು. ಮೂಡಣ ದ್ವೀಪದಿಂದ ಹಡಗಿನಲ್ಲಿ ಬರುತ್ತಿದ್ದ ಆ ಪುಸ್ತಕಗಳಿಗೆ ಮಂಗಾ ಎಂದು ಹೆಸರು. ಪುಟದ ತುಂಬ ಚೌಕಗಳು, ಚೌಕಗಳೊಳಗೆ ಮಸಿಯ ಚಿತ್ರಗಳು, ಆ ಚಿತ್ರಗಳಲ್ಲೇ ಕತೆ. ಅದನ್ನು ಬಲದಿಂದ ಎಡಕ್ಕೆ ಓದಬೇಕು. ‘ಉಪ್ಪಿನ ಕೋಟೆ’ಯ ಒಂದು ಪುಸ್ತಕ ಮುಗಿದರೆ ಇನ್ನೊಂದು ಬರುವವರೆಗೆ ಜನಕ್ಕೆ ಅನ್ನ ಸೇರುತ್ತಿರಲಿಲ್ಲ. ಎಲ್ಲರ ಬಾಯಲ್ಲೂ ಒಂದೇ ಮಾತು: ಕೋಟೆಯ ಬಾಗಿಲು ಕಾಯುವ ಒಕ್ಕಣ್ಣ ಹಯಾಮೊ ದೊಡ್ಡವನೋ, ಬಿಲ್ಲುಗಾತಿ ಸುಯೊರಿ ದೊಡ್ಡವಳೋ?

ಹಗ್ಗ ಹೊಸೆಯುವ ಮಾಚನಿಗೂ ಅವನ ಗೆಳೆಯ ಓಬನಿಗೂ ಇದೇ ಜಗಳ. ಮಾಚ ಸುಯೊರಿಯ ಕಡೆ, ಓಬ ಹಯಾಮೊನ ಕಡೆ. ಬಾಯಿಗೆ ಬಂದಂತೆ ಬೈದಾಡಿಕೊಳ್ಳುತ್ತಿದ್ದರು. ಆದರೆ ಒಬ್ಬನನ್ನು ಬಿಟ್ಟು ಇನ್ನೊಬ್ಬ ಒಂದು ಪುಟವನ್ನೂ ತಿರುವುತ್ತಿರಲಿಲ್ಲ. ಮಾಚನಿಗೆ ಹಿಂದೆ ಮುಂದೆ ಯಾರೂ ಇರಲಿಲ್ಲ. ಅವನಿಗೆ ತನ್ನವನೆಂದು ಇದ್ದದ್ದು ಓಬ ಒಬ್ಬನೇ.

ಡಂಗುರ ಕೇಳಿದ್ದೇ ತಡ, ಓಬ ಪೇಟ ಸುತ್ತಿಕೊಂಡು ಎದ್ದ.

“ಹೋಗಬೇಡ ಕಣೋ,” ಎಂದ ಮಾಚ.

“ಹಯಾಮೊ ಆಗಿದ್ರೆ ಹೆದರ್ತಿದ್ನಾ?”

“ಹಯಾಮೊಂದು ಮಸಿ ತಲೆ. ಹೋದ್ರೆ ಇನ್ನೊಂದು ಬರೀತಾರೆ. ನಿಂಗ್ಯಾರೋ ಬರೀತಾರೆ?”

“ಸುಯೊರಿ ಕಡೆಯವ್ರೆಲ್ಲ ಹೇಡಿಗಳು ಬಿಡು!” ಎಂದು ನಕ್ಕು ಓಬ ಹೊರಟೇಬಿಟ್ಟ. ಮಾಚ ಹಿಂದೆಯೇ ಓಡಿದ.

ಅರಮನೆಯಲ್ಲಿ ಆಗಲೇ ಇಬ್ಬರು ಕಾದಿದ್ದರು. ಒಬ್ಬ ಸೆಟ್ಟರ ಮಗ ದೇವರಸ. ಹಯಾಮೊನ ಹಾಗೆ ಕಾಣಲೆಂದು ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡಿದ್ದ. ಇನ್ನೊಬ್ಬ ನೆರೆನಾಡಿನ ದಳವಾಯಿ.

ರಾಜಕುಮಾರಿ ಮೊದಲ ಒಗಟು ಹೇಳಿದಳು: “ಒಂದು ಚೌಕದಲ್ಲಿ ಕತ್ತಿ ಮೇಲೆತ್ತಿದೆ. ಮುಂದಿನ ಚೌಕದಲ್ಲಿ ತಲೆ ಉರುಳಿದೆ. ಏಟು ಎರಡರಲ್ಲೂ ಇಲ್ಲ. ಹಾಗಾದರೆ ಅದು ಬಿದ್ದದ್ದೆಲ್ಲಿ?”

“ಹಯಾಮೊನ ಕೈಯಲ್ಲಿ!” ಎಂದ ದೇವರಸ.

“ಸುಯೊರಿಯ ಎದೆಯಲ್ಲಿ!” ಎಂದ ದಳವಾಯಿ.

“ಹಯಾಮೊನ ಕುರುಡುಗಣ್ಣಲ್ಲಿ!” ಎಂದು ಓಬ ಎದೆ ತಟ್ಟಿಕೊಂಡ.

ಪ್ರೀತಿ ತಲೆಗೇರಿದವರು ಮಾಡುವ ತಪ್ಪೇ ಇದು. ಏನು ಕೇಳಿದರೂ ಅವರಿಗೆ ತಮ್ಮ ಮೆಚ್ಚಿನವರ ಹೆಸರೇ ಉತ್ತರ. ಮೂವರ ಕೈಗೂ ಹಗ್ಗ ಬಿತ್ತು.

ಮಾಚ ಮುಂದೆ ಬಂದ. “ನಾನೂ ಇದ್ದೀನಿ ತಾಯಿ. ನನಗೆ ಸುಯೊರಿ ಇಷ್ಟ. ಆದರೆ ನಾನು ಬಂದಿರೋದು ಓಬನಿಗಾಗಿ.”

ಅಂಥ ಪುಟ ಬಂದಾಗಲೆಲ್ಲ, ಮುಂದಿನ ಚೌಕ ನೋಡುವ ಮೊದಲೇ, ಓಬ ಪಕ್ಕದಲ್ಲಿದ್ದ ತನ್ನ ತೋಳನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತಿದ್ದದ್ದು ಮಾಚನ ನೆನಪಿಗೆ ಬಂತು. “ಎರಡು ಚೌಕದ ನಡುವೆ ಬಿಳಿ ಜಾಗ ಇರುತ್ತಲ್ಲ, ಅಲ್ಲಿ. ಅಲ್ಲಿ ಏನೂ ಬರೆದಿರೋಲ್ಲ. ಆ ಏಟು ಹಾಕೋರು ಓದೋ ನಾವೇ.”

ರಾಜಕುಮಾರಿ ನೆಟ್ಟಗೆ ಕೂತಳು. “ಇಬ್ಬರು ದಿನವೂ ಕಾದಾಡುತ್ತಾರೆ. ಯಾರಿಗಾಗಿ ಕಾದಾಡುತ್ತಾರೋ ಅವರಿಗೆ ಇವರು ಯಾರೆಂದೇ ಗೊತ್ತಿಲ್ಲ. ಒಬ್ಬ ಗೆದ್ದರೆ ಇಬ್ಬರೂ ಸೋತಂತೆ. ಏನದು?”

“ನನಗೂ ಇವನಿಗೂ ಇರೋ ಜಗಳ. ಯಾರಾದ್ರೂ ಗೆದ್ದುಬಿಟ್ರೆ ಮಾತು ಮುಗಿದುಹೋಗುತ್ತೆ. ನಾಳೆ ಮತ್ತೆ ಸೇರೋಕೆ ನೆಪ ಇರೋಲ್ಲ.”

ಓಬ ತಲೆ ತಗ್ಗಿಸಿದ.

“ಊರೆಲ್ಲ ಅದಕ್ಕಾಗಿ ಕಾಯುತ್ತದೆ,” ಎಂದಳು ರಾಜಕುಮಾರಿ. ಅವಳ ದನಿ ಸಣ್ಣಗಾಗಿತ್ತು. “ಆದರೆ ಅದನ್ನು ಮೊದಲು ಪಡೆದವಳನ್ನು ಕಂಡರೆ ಊರೆಲ್ಲ ಓಡಿಹೋಗುತ್ತದೆ. ಏನದು?”

ಮಾಚ ಅವಳನ್ನೇ ನೋಡಿದ. ಅವಳ ಸಖಿಯರು ದೂರದ ಗೋಡೆಗೆ ಒತ್ತಿಕೊಂಡು ನಿಂತಿದ್ದರು. ಎಲ್ಲರ ಕಿವಿಯಲ್ಲೂ ಹತ್ತಿ. ಈಕೆ ಪುಸ್ತಕವನ್ನು ಆಗಲೇ ಓದಿದ್ದಾಳೆ, ಎಲ್ಲಿ ಬಾಯಿತಪ್ಪಿ ಮುಂದಿನದನ್ನು ಹೇಳಿಬಿಡುತ್ತಾಳೋ ಎಂಬ ಭಯ ಅವರಿಗೆ.

“ಕತೆಯ ಕೊನೆ,” ಎಂದ ಮಾಚ.

ಮೂರೂ ಸರಿಯಾಗಿದ್ದವು. ಮಾಚ ಮೂವರ ತಲೆಯನ್ನೂ ಬೇಡಿ ಉಳಿಸಿಕೊಂಡ. ಅವರು ಹೊರಗೆ ಹೋದರು. ಡಂಗುರದ ಮಾತಿನಂತೆ ಮಾಚ ಪುಸ್ತಕ ಹಿಡಿದು ಕೂತ.

ಕೊನೆಯಲ್ಲಿ ಹಯಾಮೊ ಸುಯೊರಿಯನ್ನು ಹಿಂದಿನಿಂದ ಇರಿದು ವೈರಿಗೆ ಕೋಟೆಯ ಬಾಗಿಲು ತೆರೆದಿದ್ದ.

“ಬಂತಾ ಆ ಪುಟ?” ರಾಜಕುಮಾರಿ ಅವನ ಮುಖವನ್ನೇ ನೋಡುತ್ತಿದ್ದಳು. “ಏನಾದರೂ ಹೇಳು. ಇಷ್ಟು ದಿನ ಒಬ್ಬಳೇ ಅತ್ತಿದ್ದೇನೆ. ಇದರ ಬಗ್ಗೆ ಮಾತಾಡಲು ನನಗೆ ಒಬ್ಬರು ಬೇಕಿತ್ತು, ಅಷ್ಟೇ.”

“ಅದಕ್ಕೆ ತಲೆ ಕಡಿಸ್ತಿದ್ರಾ ತಾಯಿ?”

ಅವಳು ಪುಸ್ತಕವನ್ನು ಅವನ ಕೈಯಿಂದ ತೆಗೆದು ಬೀಗದೊಳಗಿಟ್ಟಳು. ಇನ್ನು ಮುಂದೆ ಅವನಿಗೆ ಅರಮನೆಯಲ್ಲೇ ಊಟ, ಬಟ್ಟೆ ಎಂದು ಅಪ್ಪಣೆ ಮಾಡಿದಳು. ದಿನವೂ ಬಂದು ಮಾತಾಡಬೇಕೆಂದಳು. ಮಾಚ ಕೈಮುಗಿದು ಹೊರಗೆ ಓಡಿದ. ಸುಯೊರಿಗಾಗಿ ಅಳುವುದಾದರೆ ಅವನಿಗೆ ಓಬನ ಮುಂದೆಯೇ ಅಳಬೇಕಿತ್ತು.

ಓಬ ಬಾಚಿ ತಬ್ಬಿಕೊಂಡ. “ಬದುಕಿಸಿದೆ ಕಣೋ! ಪುಸ್ತಕ ಓದಿದ್ಯಾ?”

“ಓದಿದೆ.”

ಓಬನ ಕೈ ಸಡಿಲವಾಯಿತು. ಹಿಂದೆ ಸರಿದು ಎರಡೂ ಕಿವಿಗೆ ಬೆರಳಿಟ್ಟುಕೊಂಡ. “ಬಾಯಿ ಬಿಡಬೇಡ! ನಿನ್ನ ಮುಖ ನೋಡಿದ್ರೇ ಗೊತ್ತಾಗಿಬಿಡುತ್ತೆ. ಆ ಕಡೆ ಹೋಗು.”

“ನಿನಗೋಸ್ಕರ ಓದಿದ್ದು ಓಬಾ...”

“ನಿನ್ನ ಕಾಲಿಗೆ ಬೀಳ್ತೀನಿ. ಆದ್ರೆ ಹೋಗು. ಹಡಗಲ್ಲಿ ಇನ್ನೊಂದು ಪ್ರತಿ ಬರ್ಲಿ, ನಾನೂ ಓದ್ತೀನಿ, ಆಮೇಲೆ ಮಾತಾಡೋಣ.”

ಹಡಗು ಆ ವರ್ಷ ಬರಲಿಲ್ಲ. ಮರುವರ್ಷವೂ ಬರಲಿಲ್ಲ. ಪುಸ್ತಕ ರಾಜಕುಮಾರಿಯ ಬೀಗದೊಳಗೇ ಉಳಿಯಿತು. ಓಬ ಈಗ ದೇವರಸನ ಜೊತೆ ಕಟ್ಟೆಯ ಮೇಲೆ ಕೂರುತ್ತಿದ್ದ. ಅರಮನೆಯ ಅಂಗಿ ತೊಟ್ಟ ಮಾಚ ಬೀದಿಯ ಆಚೆ ಬದಿಯಲ್ಲಿ ಹಾದುಹೋಗುತ್ತಿದ್ದ.

“ಏನಾದ್ರೂ ಆಗ್ಲಿ, ಹಯಾಮೊ ಬಾಗಿಲು ಬಿಟ್ಟುಕೊಡೋನಲ್ಲ,” ಎಂದು ಒಂದು ದಿನ ಓಬ ಕಟ್ಟೆ ಗುದ್ದಿ ಹೇಳುತ್ತಿದ್ದ. ಅಭ್ಯಾಸಬಲದಿಂದ ಮಾಚನ ಕಡೆ ತಿರುಗಿ, “ಅಲ್ವೇನೋ?” ಎಂದ.

ಮಾಚ ನಿಂತ. ಅಷ್ಟರಲ್ಲಿ ಓಬನಿಗೆ ನೆನಪಾಗಿ ಕಿವಿ ಮುಚ್ಚಿಕೊಂಡಿದ್ದ.