ಹಾರ ಹಾಕಿದ ಕಂಪ್ಯೂಟರ್

“ಗುರುಗಳೇ, ನಾಳೆಯಿಂದ ಒಂದು ತಿಂಗಳು ನೀವು ಮೌನ ಹಿಡಿಯುತ್ತೀರಿ. ಅದು ಮುಗಿಯುವವರೆಗೆ ನನ್ನ ಪ್ರಾರ್ಥನೆಯನ್ನು ದೇವರಿಗೆ ಮುಟ್ಟಿಸುವವರು ಯಾರು?” ಎಂದು ಶಿಷ್ಯ ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ವ್ಯಾಪಾರಿ ಒಂದು ಲಾರಿ ಬೆಲ್ಲ ಮಾರಿದ್ದ. ಕೊಂಡವನು ಹೊಸಬ, ದೂರದ ಊರಿನ ಮಿಠಾಯಿಯವನು. ಕರಾರು ಒಂದೇ: ಸರಕು ಆಯುಧಪೂಜೆಯ ಸಂಜೆಯೊಳಗೆ ಹೊರಡಬೇಕು, ತಪ್ಪಿದರೆ ವ್ಯಾಪಾರ ಮುರಿಯಿತು. ಇದೊಂದು ಲಾರಿ ಸರಿಯಾಗಿ ಹೋದರೆ ವರ್ಷವಿಡೀ ಆ ಗಿರಾಕಿ ತನ್ನವನೇ ಎಂಬುದು ವ್ಯಾಪಾರಿಯ ಲೆಕ್ಕ.

ಆಯುಧಪೂಜೆಯ ದಿನ ಲಾರಿ ತುಂಬಿ ನಿಂತಿತು. ಬಿಲ್ಲು ಕೈಗೆ ಬಾರದೆ ಚಾಲಕ ಗಾಡಿ ತೆಗೆಯುವವನಲ್ಲ. ವ್ಯಾಪಾರಿ ತನ್ನ ಮೇಜಿನ ಕಂಪ್ಯೂಟರಿನಲ್ಲಿ ಬಿಲ್ಲು ಮಾಡಿದ. ಕಾಗದ ಹೊರಬರಲಿಲ್ಲ. ಆ ಕಚೇರಿಯಲ್ಲಿ ಪ್ರಿಂಟರಿನ ವೈರು ಗುಮಾಸ್ತನ ಕಂಪ್ಯೂಟರಿಗೆ ಸೇರಿತ್ತು. ಯಾರು ಏನು ಅಚ್ಚು ಹಾಕಿದರೂ ಅದರ ಮೂಲಕವೇ ಹೋಗಬೇಕು. ಆ ಕಾರಣಕ್ಕೇ ಅದು ಎಲ್ಲರ ಕಣ್ಣಿಗೆ ದೊಡ್ಡದು. ಬೆಳಿಗ್ಗೆ ಕಂಪ್ಯೂಟರುಗಳಲ್ಲಿ ಅದಕ್ಕೊಂದಕ್ಕೇ ಕುಂಕುಮ ಹಚ್ಚಿ, ಹಾರ ಹಾಕಿ, ಸ್ವಿಚ್ ಆಫ್ ಮಾಡಿ ಇಟ್ಟಿದ್ದರು. ಪೂಜೆಗಿಟ್ಟ ಆಯುಧವನ್ನು ಮರುದಿನದವರೆಗೆ ಮುಟ್ಟುವಂತಿಲ್ಲ.

“ಲಾರಿಗೂ ಪೂಜೆ ಆಗಿದೆಯಲ್ಲಯ್ಯಾ, ಅದು ಓಡುವುದಿಲ್ಲವೇ?” ಎಂದ ವ್ಯಾಪಾರಿ.

“ಲಾರಿಯನ್ನ ನಿಂಬೆಹಣ್ಣಿನ ಮೇಲೆ ಹತ್ತಿಸಿದರೆ ಮುಗೀತು ಧಣಿ. ಇದನ್ನ ಯಾವ ನಿಂಬೆಹಣ್ಣಿನ ಮೇಲೆ ಹತ್ತಿಸಲಿ?” ಎಂದ ಗುಮಾಸ್ತ.

ವ್ಯಾಪಾರಿ ವಾದಿಸಲಿಲ್ಲ. ಬೆಳಿಗ್ಗೆ ಆರತಿ ಎತ್ತಿದವನು ತಾನೇ. ಯಜಮಾನನೇ ನೇಮ ಮುರಿದರೆ ನಾಳೆ ಆಳುಗಳು ಯಾವ ನೇಮಕ್ಕೂ ಬಗ್ಗುವುದಿಲ್ಲ. ಅವನು ಕಂಪ್ಯೂಟರ್ ರಿಪೇರಿಯವನನ್ನು ಕರೆಸಿದ.

ಬಂದವನು ಪ್ರಿಂಟರನ್ನು ತಿರುಗಿಸಿ ನೋಡಿ, “ಇದಕ್ಕೆ ಪೂಜೆ ಆಗಿದೆಯಾ?” ಎಂದ.

“ಮೂಲೆಯಲ್ಲಿದೆಯಲ್ಲ, ಯಾರೂ ನೆನೆಸಲಿಲ್ಲ,” ಎಂದ ಗುಮಾಸ್ತ.

“ಒಳ್ಳೇದೇ ಆಯ್ತು ಬಿಡಿ. ನೆಟ್‌ವರ್ಕ್ ವೈರು ಸಿಕ್ಕಿಸೋ ಜಾಗ ಇದರ ಬೆನ್ನಲ್ಲೇ ಇದೆ. ತಂದ ದಿನದಿಂದ ಖಾಲಿ.”

ಅವನು ಬೇರೊಂದು ನೆಟ್‌ವರ್ಕ್ ವೈರನ್ನು ನೇರ ಪ್ರಿಂಟರಿಗೇ ಸಿಕ್ಕಿಸಿ, ನೆಟ್‌ವರ್ಕಿನಲ್ಲಿ ಅದಕ್ಕೆ ಅದರದೇ ವಿಳಾಸ ಕೊಟ್ಟು, ಆ ವಿಳಾಸವನ್ನು ವ್ಯಾಪಾರಿಯ ಕಂಪ್ಯೂಟರಿಗೆ ತಿಳಿಸಿದ. ಬಿಲ್ಲು ಬಂತು. ಹೊತ್ತು ಮುಳುಗುವ ಮೊದಲೇ ಲಾರಿ ಗೇಟು ದಾಟಿತು. ಗಿರಾಕಿ ಉಳಿದ.

ಮರುವರ್ಷವೂ ಗುಮಾಸ್ತ ಅದೇ ಕಂಪ್ಯೂಟರಿಗೆ ಹಾರ ಹಾಕಿದ. ವ್ಯಾಪಾರಿ ತಾನೇ ಆರತಿ ಎತ್ತಿದ. ಅತ್ತ ಮೂಲೆಯಲ್ಲಿ ಬಿಲ್ಲುಗಳು ಬರುತ್ತಲೇ ಇದ್ದವು.

ಕತೆ ಕೇಳಿದ ಶಿಷ್ಯ ಅಳುಕುತ್ತ, “ಹಾಗಾದರೆ ನಿಮ್ಮ ಪಾದಪೂಜೆಯನ್ನು ಬಿಡಲೇ?” ಎಂದ.

“ಮಾಡು, ಬೇಡವೆನ್ನುವುದಿಲ್ಲ, ದೇವರಿಗೆ ಹೇಳುವುದನ್ನು ಮಾತ್ರ ನನಗೆ ಹೇಳಿ ಕಾಯುತ್ತ ಕೂರಬೇಡ,” ಎಂದರು ಗುರುಗಳು.